ಬಣ್ಣ ಅಂದುಕೊಂಡಿದ್ದು

ಅಕ್ಕನ ಕೆಮ್ಮು ಶುರುವಾಗಿದ್ದು ದೀಪಾವಳಿಗೆ ಎಂದು ಹಾವೇರಿಯ ಆಸ್ಪತ್ರೆಯಲ್ಲಿ ಹೇಳಿದೆ. ಈಗ ಅದೂ ಖಾತ್ರಿಯಿಲ್ಲ. ಅದಕ್ಕೂ ಹಿಂದಿನ ಯುಗಾದಿಗೆ ಹೋದಾಗ ಕೆಮ್ಮುತ್ತಿರಲಿಲ್ಲವೇ? ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರು ಲೆಕ್ಕಕ್ಕಿಡುತ್ತಾರೆ.

ಏಳನೆಯ ತರಗತಿಯಲ್ಲಿದ್ದಾಗ ದೊಡ್ಡವಳಾದಳೆಂದು ಅಕ್ಕನನ್ನು ಶಾಲೆ ಬಿಡಿಸಿದರು. ಅಂದಿನಿಂದ ಅವಳದು ತುಂಬು ಬಿಡಿಸುವ ಕೆಲಸ. ಒಣ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ಒಂದೊಂದರ ತೊಟ್ಟು ತೆಗೆಯುವುದು. ನನ್ನ ಸರದಿ ಬರುವ ಹೊತ್ತಿಗೆ ಅವಳ ದುಡಿಮೆಯಿತ್ತು. ನಾನು ಎಂ.ಎ. ತನಕ ಓದಿದೆ.

"ಖಾರದ ಘಾಟು, ಅಷ್ಟ" ಎನ್ನುತ್ತಿದ್ದಳು. ನಾನೂ ಹಾಗೇ ಅಂದುಕೊಂಡೆ. ಸೆರಗಿನಲ್ಲಿ ಕೆಂಪು ಕಲೆಗಳಿದ್ದವು. ಬ್ಯಾಡಗಿ ಕಾಯಿಯ ಬಣ್ಣ ಎಷ್ಟು ತಿಕ್ಕಿದರೂ ಹೋಗುವುದಿಲ್ಲವೆಂದು ನಗುತ್ತ ಆ ಸೀರೆಯನ್ನು ಒಮ್ಮೆ ನಾನೇ ಒಗೆದಿದ್ದೇನೆ. ಕೆಲವು ಕಲೆಗಳು ಕಂದು ಬಣ್ಣಕ್ಕೆ ತಿರುಗಿದ್ದವೆಂದು ಈಗ ನೆನಪಾಗುತ್ತದೆ. ಆಗಲೇ ಕಂಡಿದ್ದೆನೋ, ಅಳುಕಿದ ಮನಸ್ಸು ಈಗ ಕಾಣುತ್ತಿದೆಯೋ.

ಅದು ರಕ್ತ.

ಎಕ್ಸ್‌ರೇ. ಕಫದ ಟೆಸ್ಟ್. ಟಿಬಿ. ಎಡ ಶ್ವಾಸಕೋಶ ಬಹುಪಾಲು ಹಾಳಾಗಿತ್ತು.

"ಏನು ಕೆಲಸ ಮಾಡ್ತೀರಮ್ಮಾ?" ಡಾಕ್ಟರ್ ಕೇಳಿದರು.

"ಏನಿಲ್ರಿ. ಮನ್ಯಾಗ ಇರತೇನಿ."

ಭಾವ ಪಕ್ಕದಲ್ಲಿ ನಿಂತಿದ್ದರು. ಹೆಂಡತಿಯ ದುಡಿಮೆಯಿಂದ ಮನೆ ನಡೆಯುತ್ತದೆಂದು ಹೊರಗಿನವರ ಮುಂದೆ ಆಡುವಂತಿಲ್ಲ. ನಾನು ಬಾಯಿ ತೆರೆದರೆ ಅಕ್ಕ ಮೊಣಕೈಯಿಂದ ತಿವಿದಳು.

ಆಸ್ಪತ್ರೆ ಸೇರಿದ ಎಂಟನೆಯ ದಿನ ಅವಳು ಡಿಸ್ಚಾರ್ಜ್ ಬೇಕೆಂದು ಹಟ ಹಿಡಿದಳು. ಮಗಳು ಗೀತಾ ಏಳನೆಯ ತರಗತಿ. ಅವಳನ್ನು ಶಾಲೆ ಬಿಡಿಸಿ ಅಕ್ಕನ ಜಾಗದಲ್ಲಿ ಕೂರಿಸಿದ್ದರು.

"ನಾ ಹೋಗಿ ಕುಂತರ ಅಕಿ ಏಳತಾಳ." ಇಷ್ಟು ಹೇಳಲು ಮೂರು ಸಲ ಉಸಿರಿಗಾಗಿ ನಿಲ್ಲಿಸಿದಳು.

ಗೀತಾಳನ್ನು ರಾಣೆಬೆನ್ನೂರಿಗೆ, ನನ್ನ ಮನೆಗೆ ಕಳಿಸಿ, ಓದಿಸುತ್ತೇನೆ ಎಂದು ಭಾವನನ್ನು ಕೇಳಿದೆ.

"ಓದಿ ಏನ ಕಡದು ಕಟ್ಟಿ ಹಾಕತಾಳ? ನೀ ಎಂ.ಎ. ಓದೀದಿ. ರಕ್ತಾನ ಬಣ್ಣ ಅಂತ ತಿಕ್ಕಿ ಒಗದಿ!"

ಸೀರೆಯ ಸಂಗತಿಯನ್ನು ನಾನೇ ಅಳುತ್ತ ಅವರಿಗೆ ಹೇಳಿದ್ದೆ.

ಅಕ್ಕ ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದಳು. "ಅಕೀಗೆ ಯಾಕ ಅಂತೀರಿ? ನನಗ ಗೊತ್ತಿತ್ತು, ಅದು ರಕ್ತ ಅಂತ. ಹೇಳಿದ್ರ ನನ್ನ ಜಾಗಾಕ್ಕ ಕೂಸಿನ್ನ ಕುಂದ್ರಸ್ತಿದ್ರಿ. ಕುಂದ್ರಿಸೇ ಬಿಟ್ರಿ."

ಭಾವ ಆ ಹೊತ್ತಿನ ಗುಳಿಗೆಯನ್ನು ಅವಳತ್ತ ಚಾಚಿದರು.

"ಗೀತಾನ ಕಳಸ್ರಿ. ಇಲ್ಲಂದ್ರ ಈ ಗುಳಿಗಿ ನಾ ನುಂಗಂಗಿಲ್ಲ."

ಕಳಿಸಿದರು.

ಆರು ತಿಂಗಳ ಗುಳಿಗೆ ಮುಗಿದಿದೆ. ಅಕ್ಕ ನಾಲ್ಕು ಮೆಟ್ಟಿಲು ಹತ್ತಿ ಕೂರುತ್ತಾಳೆ, ಮತ್ತೆ ನಾಲ್ಕು ಹತ್ತುತ್ತಾಳೆ. ಬದುಕಿದ್ದಾಳೆ. ಇದಕ್ಕಿಂತ ಹೆಚ್ಚು ಕೇಳಲು ನನಗೆ ಧೈರ್ಯವಿಲ್ಲ. ಅವಳು ಅಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದನ್ನು ತ್ಯಾಗ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಪದದಿಂದ ನಮಗೆಲ್ಲ ಬಹಳ ಅನುಕೂಲವಾಗಿದೆ.

ಇಲ್ಲಿಯ ಶಾಲೆಗೆ ಸೇರಿದ ಮೊದಲ ದಿನ ಜಡೆ ಹಾಕುವಾಗ ಗೀತಾ ಕೇಳಿದಳು: "ಚಿಗವ್ವಾ, ಅಲ್ಲಿ ನನ್ನ ಜಾಗಾದಾಗ ಈಗ ಯಾರು ಕುಂತಾರ?"

ಗೊತ್ತಿಲ್ಲ ಎಂದೆ. ಗೊತ್ತಿತ್ತು. ಇನ್ನೊಂದು ಮನೆಯ ಹುಡುಗಿ.