ಉತ್ತರ ಗೋಡೆಯ ಮುಚ್ಚಿದ ಬಾಗಿಲು

ಕೋವಿಡ್ ಮುಗಿದ ಮರುವರ್ಷ ನಾನು ಸಿಡ್ನಿಯ ಗಿರಾವೀನ್‌ನಲ್ಲಿ ಒಂಟಿಯಾಗಿದ್ದೆ. ಹಳೆಯ ಕಟ್ಟಡಗಳ ಲೇಸರ್ ಸ್ಕ್ಯಾನ್ ನೋಡಿ ಮನೆಯಿಂದಲೇ ನಕ್ಷೆ ಬರೆಯುವ ಕೆಲಸ. ಮ್ಯಾನೇಜರ್ ರಾಘು, ಬೆಂಗಳೂರಿನ ಹುಡುಗ, ಮೆಲ್ಬರ್ನ್‌ನ ವೆರಿಬೀಯಿಂದ ಫೋನ್ ಮಾಡುತ್ತಿದ್ದ. ಎಷ್ಟೋ ವಾರ ಅವನ ದನಿ ಬಿಟ್ಟರೆ ಬೇರೆ ಕನ್ನಡವೇ ಕಿವಿಗೆ ಬೀಳುತ್ತಿರಲಿಲ್ಲ.

ಆ ಚಳಿಗಾಲ ಇಂಗ್ಲೆಂಡಿನ ಹಳ್ಳಿಯೊಂದರ ಎಂಟುನೂರು ವರ್ಷ ಹಳೆಯ ಚರ್ಚು ನನ್ನ ಪಾಲಿಗೆ ಬಂತು. ಅದರ ದಕ್ಷಿಣದ ಬಾಗಿಲಿಗೆ ಆರು ಮೆಟ್ಟಿಲು. ವೀಲ್‌ಚೇರ್ ಒಳಹೋಗಲೆಂದು ಉತ್ತರದ ಗೋಡೆ ಒಡೆದು ಹೊಸ ಬಾಗಿಲು ಇಡುವವರಿದ್ದರು. ವಿವರ ಕೇಳಲು ಚರ್ಚಿನ ಬೀಗದಕೈ ಇಟ್ಟುಕೊಂಡಿದ್ದ ಮಾರ್ಗರೆಟ್ ಎಂಬ ವೃದ್ಧೆಗೆ ವಿಡಿಯೊ ಕಾಲ್ ಮಾಡುತ್ತಿದ್ದೆ. ಅವರು ಸ್ವತಃ ವೀಲ್‌ಚೇರಿನಲ್ಲಿದ್ದರು.

“ನನ್ನ ಮದುವೆ ಆದದ್ದು ಇಲ್ಲೇ. ಈಗ ಎರಡು ವರ್ಷದಿಂದ ಹೊರಗೇ ಕೂತು ಪ್ರಾರ್ಥನೆ ಕೇಳ್ತೀನಿ,” ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಕೆಲಸವಿಲ್ಲದಿದ್ದರೂ ಏನಾದರೊಂದು ಪ್ರಶ್ನೆ ಹುಡುಕಿ ಕಾಲ್ ಮಾಡತೊಡಗಿದೆ.

ಒಂದು ದಿನ ಸ್ಕ್ಯಾನಿನಲ್ಲಿ ಉತ್ತರ ಗೋಡೆಯ ಒಳಗಾರೆಯಲ್ಲಿ, ಹೊಸ ಬಾಗಿಲಿನ ಜಾಗದಿಂದ ಎರಡು ಮೀಟರ್ ಆಚೆ, ಹನ್ನೆರಡು ಮಿಲಿಮೀಟರ್ ತಗ್ಗು ಕಂಡಿತು. ಬರಿಗಣ್ಣಿಗೆ ಕಾಣದ ಆ ತಗ್ಗಿಗೆ ಕಮಾನಿನ ಆಕಾರವಿತ್ತು. ಹೊರಮೈಯಲ್ಲೂ ಅದೇ ಜಾಗದಲ್ಲಿ ಕಲ್ಲಿನ ಸಾಲು ಮುರಿದಿತ್ತು.

“ರಾಘು, ಇಲ್ಲಿ ಮೊದ್ಲೇ ಬಾಗಿಲಿತ್ತು ಅನ್ಸುತ್ತೆ. ಮುಚ್ಚಿದ್ದಾರೆ.”

“ಶೈಲಕ್ಕ, ಶುಕ್ರವಾರ ಸಬ್ಮಿಟ್ ಮಾಡ್ಬೇಕು. ಪ್ಲಾಸ್ಟರ್ ಏರುಪೇರು ಅಷ್ಟೇ. ಫ್ಲ್ಯಾಟ್ ಅಂತ ಡ್ರಾ ಮಾಡಿ ಕಳ್ಸಿಬಿಡಿ.”

“ಇಲ್ಲ. ಕಂಡಿದ್ದನ್ನ ಬರೀತೀನಿ.”

“ತಪ್ಪಾದ್ರೆ ನಿಮ್ಮ ಹೆಸ್ರಿಗೇ ಬರುತ್ತೆ, ನೋಡಿ.”

ಕಾಂಟ್ರ್ಯಾಕ್ಟ್ ನೌಕರಿ, ಹೆದರಿಕೆ ಇದ್ದೇ ಇತ್ತು. ಆದರೂ ‘ಮುಚ್ಚಿದ ಬಾಗಿಲು ಇರಬಹುದು’ ಎಂದು ನಕ್ಷೆಯಲ್ಲಿ ಬರೆದೇ ಕಳಿಸಿದೆ. ಹನ್ನೊಂದು ದಿನ ಯಾರಿಂದಲೂ ಸುದ್ದಿಯಿಲ್ಲ. ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುತ್ತಿದ್ದೆ.

ಕೊನೆಗೆ ಅಲ್ಲಿನವರು ಗಾರೆ ಕೆರೆದು ನೋಡಿದರು. ಒಳಗೆ ಕಲ್ಲಿನ ಕಮಾನು, ಚರ್ಚಿನಷ್ಟೇ ಹಳೆಯದು. ಕೆಲವು ಶತಮಾನಗಳ ಹಿಂದೆ ಯಾರೋ ಮುಚ್ಚಿದ್ದರು. ಹೊಸಿಲು ಹೊರಗಿನ ನೆಲಕ್ಕೆ ಸಮ. ಗೋಡೆ ಒಡೆಯುವುದನ್ನು ಬಿಟ್ಟು ಅದನ್ನೇ ತೆರೆದರು.

ಬಾಗಿಲು ತೆರೆದ ಮೊದಲ ಭಾನುವಾರ ಮಾರ್ಗರೆಟ್ ತಾವಾಗಿಯೇ ಕಾಲ್ ಮಾಡಿದರು. “ಒಳಗಿದ್ದೀನಿ, ಶೈಲಾ,” ಎಂದು ಫೋನ್ ತಿರುಗಿಸಿದರು. ಖಾಲಿ ಬೆಂಚುಗಳು. ಬಂದಿದ್ದವರು ನಾಲ್ಕೇ ಜನ. ಪ್ರಾಜೆಕ್ಟ್ ಮುಗಿದ ಮೇಲೆ ಕೇಳಲು ಪ್ರಶ್ನೆಗಳೂ ಮುಗಿದವು, ಕಾಲ್ ನಿಂತಿತು.

ಅಳತೆ ಹೊಂದದ ಕಡೆ ಗೆರೆಯನ್ನು ನೇರ ಮಾಡಬೇಡಿ, ಸಂಶಯವನ್ನು ಸಂಶಯವೆಂದೇ ಬರೆಯಿರಿ ಎಂದು ಹೊಸಬರಿಗೆ ಇಂದಿಗೂ ಹೇಳುತ್ತೇನೆ. ಆ ಚರ್ಚಿನ ಒಂದೊಂದು ಕಲ್ಲೂ ನನಗೆ ಗೊತ್ತು. ಅದರೊಳಗೆ ನಾನು ಕಾಲಿಟ್ಟಿಲ್ಲ.