ಹಸಿ ಕಾಂಕ್ರೀಟು ಬೇಡವೆಂದವರು

ನಮ್ಮ ಕಂಪನಿ ಮಾಡಿದ ಕಂಪ್ಯೂಟರ್ ಆಟದಲ್ಲಿ ಮನೆ ಕಟ್ಟುವುದು ಸುಮ್ಮನೆ ಆಗುವ ಮಾತಾಗಿರಲಿಲ್ಲ. ಕಾಡಿನಲ್ಲಿ ಬರಿಗೈಯಲ್ಲಿ ಕಣ್ಣುಬಿಡುವ ಆಟಗಾರ ಮರ ಕಡಿದು, ಕಲ್ಲು ಒಡೆದು, ಕಾಡುಮೃಗ ಬರುವುದರೊಳಗೆ ಗೋಡೆ ಎಬ್ಬಿಸಬೇಕು. ಮೊದಲು ಹಲಗೆಯ ಗೋಡೆ. ಆಮೇಲೆ ಅದನ್ನೇ ಇಟ್ಟಿಗೆಗೆ, ಕಲ್ಲಿಗೆ, ಕಾಂಕ್ರೀಟಿಗೆ ಏರಿಸುತ್ತ ಹೋಗಬೇಕು. ಕಾಂಕ್ರೀಟಿಗಾದರೆ ಕಂಬಿ ಕಟ್ಟಿ, ಸುರಿದು, ಗಟ್ಟಿಯಾಗುವ ತನಕ ನೀರು ಹಾಕಬೇಕು. ಆ ನೀರು ಹಾಕುವ ಭಾಗ ಮಾಡಿದವಳು ನಾನು. ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ಅದರ ಬಗ್ಗೆ ಹೆಮ್ಮೆಯಿದ್ದವಳೂ ನಾನೊಬ್ಬಳೇ.

ಆಮೇಲೆ ಹೊಸ ಮ್ಯಾನೇಜರ್ ಬಂದ. ಮೊದಲು ಊಟ ತಲುಪಿಸುವ ಯಾವುದೋ ಆ್ಯಪ್‌ನಲ್ಲಿದ್ದನಂತೆ. ಮನೆಯೂ ಬಿರಿಯಾನಿ ಬಂದಷ್ಟೇ ಬೇಗ ಬರಬೇಕೆಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಸಾಮಾನು ಜಾಸ್ತಿಯಾಯಿತು, ಆಟಗಾರರಿಗೆ ಗೊಂದಲ. ಮರ, ಕಲ್ಲು, ಉಕ್ಕು ಇಷ್ಟೇ ಇರಲಿ, ಸುತ್ತಿಗೆಯಲ್ಲಿ ಒಮ್ಮೆ ತಟ್ಟಿದರೆ ಮುಂದಿನದ್ದಕ್ಕೆ ಏರಲಿ ಎಂದು ಮೀಟಿಂಗಿನಲ್ಲಿ ಅಪ್ಪಣೆ ಕೊಡಿಸಿದ. ಸುತ್ತ ಕೂತವರೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದರು. ಗೋಡೆಗೊಂದು ಮೊಳೆ ಹೊಡೆಯಲೂ ಆಳು ಕರೆಸುವ ಜನ. ನೀರು ಕಾಣದ ಕಾಂಕ್ರೀಟು ಬಿರುಕು ಬಿಡುತ್ತದೆ ಎಂದು ನಾನು ವಿವರಿಸಲು ಹೊರಟರೆ ಅವನು ನಕ್ಕ.

"ಕಾಯೋದ್ರಲ್ಲಿ ಏನ್ ಮಜಾ ಇದೆ ಹೇಳಿ ಮೇಡಂ?"

ಕಾಡುಗೋಡಿಯ ನಮ್ಮ ಮನೆಯಲ್ಲಿ ಆ ಆಟವನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದವಳು ಅಮ್ಮ. ಹಳೆಯ ಕಂಪ್ಯೂಟರಿನಲ್ಲಿ ಒಮ್ಮೆ ತೋರಿಸಿದ್ದೆ, ಅಷ್ಟೇ, ಅಂಟಿಕೊಂಡುಬಿಟ್ಟಳು. ಹೊಲವಿದ್ದ ಜಾಗದಲ್ಲಿ ಈಗ ನಮ್ಮ ಕಟ್ಟಡವಿದೆ. ಗಾಳಿ ಬೆಳಕಿರುವ ಮನೆಗಳೆಲ್ಲ ಬಾಡಿಗೆಗೆ. ಅಮ್ಮನೂ ನಾನೂ ಕೆಳಗೆ, ಹಿಂಭಾಗದಲ್ಲಿ, ಹಗಲಲ್ಲೂ ಲೈಟು ಹಾಕಿಕೊಂಡು ಇರುತ್ತೇವೆ. ನಮ್ಮ ಕಡೆಯ ಮಾಲೀಕರ ಬಾಳೇ ಇಷ್ಟು. ಬಾಡಿಗೆಗೆಂದು ಎಬ್ಬಿಸುವ ಮಹಡಿಗೆ ನೀರು ಹಾಕುವುದರಲ್ಲೂ ಕಳ್ಳಾಟ, ಗೋಡೆಯ ಹಸಿ ಆರುವ ಮೊದಲೇ ಗೇಟಿಗೆ 'ಟು ಲೆಟ್' ಬೋರ್ಡು. ಸ್ವಂತಕ್ಕೆ ಕಟ್ಟುವ ಗೋಡೆಗೆ ಮಾತ್ರ ಬೆಳಿಗ್ಗೆ ಸಂಜೆ ಪೈಪು ಹಿಡಿದು ತಾವೇ ನಿಲ್ಲುತ್ತಾರೆ.

ಆಟದೊಳಗೆ ಅಮ್ಮ ಕೆರೆಯ ದಂಡೆಯಲ್ಲಿ ಮನೆ ಮಾಡಿಕೊಂಡಿದ್ದಳು. ಅದರ ಮೇಲೆ ಸುತ್ತಲೂ ಕಿಟಕಿಯಿರುವ ಒಂದು ಕೋಣೆ ಏಳುತ್ತಿತ್ತು. ಯಾರಿಗಮ್ಮ ಅದು ಎಂದು ಕೇಳಿದ್ದೆ.

"ನಂಗೇ ಕಣೇ. ಒಂದಾದ್ರೂ ನಂಗೆ ಅಂತ ಬ್ಯಾಡ್ವಾ?"

ದಿನಾ ಅಡುಗೆ ಮುಗಿಸಿ ಕೂತು ಕಂಬಿ ಕಟ್ಟುವಳು, ಕೆರೆಯ ನೀರು ತಂದು ಗೋಡೆಗೆ ಹಾಕುವಳು. ಮೋಟಾರ್ ಹಾಕಿ ಎಂದು ಬಾಡಿಗೆಯವರು ಬಾಗಿಲು ಬಡಿದರೆ, ತನ್ನ ಗೋಡೆ ಒಣಗುತ್ತದೆ, ತಡೀರಿ ಎಂದು ಗದರುವಳು. ಅವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಆಟಗಾರರ ಹಳೆಯ ಮನೆಗಳನ್ನು ಹೊಸ ಪದ್ಧತಿಗೆ ತರುವಾಗ ಅರ್ಧಕ್ಕೆ ನಿಂತ ಗೋಡೆಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಹಸಿಯಿರುವುದು ಗಟ್ಟಿಯಾಗಲಿ, ಆಮೇಲೆ ಬದಲಿಸೋಣ ಎಂದು ಗೋಗರೆದೆ. ಮ್ಯಾನೇಜರ್ ಮಹಾನುಭಾವ ಫೋನಿನಿಂದ ತಲೆ ಕೂಡ ಎತ್ತಲಿಲ್ಲ. ಮುಗಿಯದ್ದನ್ನೆಲ್ಲ ಕಿತ್ತು, ಮರ ಮಾಡಿ ಆಟಗಾರನ ಪೆಟ್ಟಿಗೆಗೆ ಹಾಕಿ ಎಂದ. ಥೂ, ಅವನ ಬುದ್ಧಿಗಿಷ್ಟು.

ಬದಲಾವಣೆ ಬಂದ ಭಾನುವಾರ ಅಮ್ಮ ಆಟ ತೆರೆದಾಗ ನಾನು ಪಕ್ಕದಲ್ಲೇ ಇದ್ದೆ. ಕೋಣೆ ಇರಲಿಲ್ಲ. ಬೋಳು ತಾರಸಿ, ಪೆಟ್ಟಿಗೆ ತುಂಬ ಮರ. ಬಾಯಿಗೆ ಬಂದಂತೆ ಬಯ್ಯುತ್ತಾಳೆಂದು ಕಾದೆ. ಅವಳು ಕೇಳಿದ್ದು ನೀರು ಹಾಕುವುದು ಎಲ್ಲಿ ಹೋಯಿತು ಎಂದಷ್ಟೇ. ಇನ್ನು ಅದಿಲ್ಲ, ಸುತ್ತಿಗೆಯಲ್ಲಿ ತಟ್ಟಿದರೆ ಸಾಕು ಎಂದು ಹೇಳುವಾಗ ನನಗೆ ಮೈಯೆಲ್ಲ ಉರಿಯಿತು. ಅಮ್ಮ ಹಲಗೆ ನಿಲ್ಲಿಸಿದಳು. ತಟ್ಟಿದಳು, ಕಲ್ಲಾಯಿತು, ಇನ್ನೊಮ್ಮೆ ತಟ್ಟಿದಳು, ಉಕ್ಕಾಯಿತು. ಒಲೆಯ ಮೇಲಿದ್ದ ಕುಕ್ಕರ್ ಕೂಗುವುದರೊಳಗೆ ಗೋಡೆ, ಕಿಟಕಿ, ಸೂರು ಎಲ್ಲ ಸಿದ್ಧವಾಗಿತ್ತು. ಮ್ಯಾನೇಜರ್ ನೋಡಿದ್ದರೆ ಕುಣಿದಾಡಿಬಿಡುತ್ತಿದ್ದ.

ಅಮ್ಮ ಆ ಕೋಣೆಯನ್ನು ಒಂದು ಸುತ್ತು ನೋಡಿದಳು. ಮೌಸ್ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದಳು.

"ಚೆಂದಾಗೈತೆ," ಎಂದಳು. "ಯಾರಾನಾ ಕೇಳ್ಕೊಂಡು ಬಂದ್ರೆ ಬಾಡಿಗೆಗೆ ಕೊಟ್ಬುಡು."