ಬೇವಿನ ನೆರಳಿಗೊಂದು ಪರವಾನಗಿ

ಹೋದ ಭಾನುವಾರ ನಾನು ನನ್ನ ಸ್ವಂತ ಊರು ಸುರಪುರದಲ್ಲೇ ದಾರಿ ತಪ್ಪಿದೆ. ನಗಬೇಡಿ.

ತಪ್ಪಿಸಿದವಳು ಭೀಮವ್ವತ್ತೆ, ನನ್ನ ಅಪ್ಪನ ಅಕ್ಕ. ಹುಣಸಗಿಯಿಂದ ಬೆಳಗಿನ ಬಸ್ಸಿಗೆ ಬಂದವಳದು ಒಂದೇ ಹಟ: ಸಾಹೇಬರ ಬಾಗ್‌ನ ಕಲ್ಲುಬೆಂಚಿನ ಮೇಲೆ ಒಮ್ಮೆ ಕೂಡಬೇಕು. ತೀರಿಕೊಂಡ ಮಾಮ ಆ ತೋಟದಲ್ಲಿ ಮಾಲಿಯಾಗಿದ್ದ. ಅತ್ತೆ ದಿನಾ ಬುತ್ತಿ ಒಯ್ದದ್ದು ಹಿಂದಿನ ಬಾಗಿಲವರೆಗೆ ಮಾತ್ರ; ಒಳಗೆ ಬಿಡುತ್ತಿರಲಿಲ್ಲ.

"ಬೆಂಚಿನ ಮ್ಯಾಲಿನ ಬೇವಿನ ಗಿಡ ನಿಮ್ಮ ಮಾಮ ಹಚ್ಚಿದ್ದು. ಅದರ ನೆರಳಿಗಿ ನಾ ಒಮ್ಮಿನೂ ಕುಂತಿಲ್ಲ" ಅಂದಳು.

ದೊಡ್ಡ ರಸ್ತೆಯಲ್ಲಿ ಹೋದರೆ ಹತ್ತು ನಿಮಿಷ. ಊಹುಂ, ಬುತ್ತಿ ಒಯ್ದ ಗಲ್ಲಿಯಲ್ಲೇ ಹೋಗಬೇಕಂತೆ! ಆ ಗಲ್ಲಿಯ ಗುರುತು ಈಗ ಅವಳಿಗೂ ಇಲ್ಲ. ಕೇಳಿದವರೆಲ್ಲ ದಾರಿ ಹೇಳಿದರು. "ಹಳೀ ಕಚೇರಿ ಇತ್ತಲ್ರಿ, ಅಲ್ಲಿ ಎಡಕ್ಕ ಹೊಳ್ಳ್ರಿ." ಕಚೇರಿ ಎಲ್ಲಿದೆ? "ಕುದುರಿ ಕಟ್ಟತಿದ್ರಲ್ಲ, ಅಲ್ಲಿಂದ ಸೀದಾ." ಕುದುರೆ ಎಲ್ಲಿವೆ? ನಿಜಾಮರು ಹೋಗಿ, ಹೈದರಾಬಾದ್ ಸ್ಟೇಟೂ ಹೋಗಿ, ಕನ್ನಡದ ರಾಜ್ಯವೇ ಬಂದಿದೆ. (ಪಾಪ, ಉರ್ದು ಬೋರ್ಡುಗಳೂ ಈಗ ಕನ್ನಡ ಕಲಿಯುತ್ತಿವೆ.) ನಮ್ಮವರು ಮಾತ್ರ ಇಲ್ಲದ್ದನ್ನೇ ಗುರುತು ಹೇಳುತ್ತಾರೆ. ಒಂದೇ ಗಲ್ಲಿಗೆ ಮೂರು ಸಲ ಬಂದೆವು.

ಕೊನೆಗೂ ಹಿಂದಿನ ಬಾಗಿಲು ಸಿಕ್ಕಿತು. ತೆರೆದೇ ಇತ್ತು. ಕಾವಲಿನವನಿಲ್ಲ. 'ಸಾರ್ವಜನಿಕ ಉದ್ಯಾನ' ಅಂತ ಹೊಸ ಬೋರ್ಡು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೇ ನಿಂತಳು.

"ಯಾರಿಗಿ ಕೇಳಬೇಕು, ತಮ್ಮಾ?"

"ಯಾರಿಗೂ ಬ್ಯಾಡತ್ತಿ. ಈಗ ಇದು ಎಲ್ಲಾರದು."

"ಎಲ್ಲಾರದು ಅಂದ್ರ ಯಾರದು?"

ನಾನು ಸಾಲಿ ಮಾಸ್ತರ, ಬಿಡುತ್ತೇನೆಯೇ? ವೋಟು, ಹಕ್ಕು, ಪ್ರಜಾಪ್ರಭುತ್ವ ಅಂತ ಅಲ್ಲೇ ಒಂದು ಲೆಕ್ಚರ್ ಬಿಗಿದೆ. ಅತ್ತೆ ಕದಲಲಿಲ್ಲ.

"ಯಾರರೆ ಬಂದು ಎಬ್ಬಿಸಿದ್ರ? ಈ ವಯಸ್ಸಿನಾಗ ಎಬ್ಬಿಸ್ಕೊಳ್ಳೋದು ಬ್ಯಾಡಪ್ಪ. ನಡಿ, ಬಸ್ಸಿಗಿ ಹೊತ್ತಾತು."

ಕಣ್ಣು ಮಾತ್ರ ಬೇವಿನ ಗಿಡದ ಮೇಲೆಯೇ. ಅವಳ ಮೊಣಕಾಲು ನೋಡಿದರೆ ಇನ್ನೊಮ್ಮೆ ಇಷ್ಟು ದೂರ ಬರುವುದು ಸುಳ್ಳು. ಕೋಟಿನ ಗುಂಡಿ ಹಾಕಿಕೊಂಡೆ. ಗಂಟಲು ಸರಿಮಾಡಿಕೊಂಡೆ.

"ಭೀಮವ್ವ, ನಿಮಗ ಪರವಾನಗಿ ಅದ. ಹೋಗಿ ಕೂಡ್ರಿ."

"ಇದನ್ನ ಮೊದಲೇ ಹೇಳಬಾರದೇನೋ!"

ಹೋಗಿ ಕೂತೇಬಿಟ್ಟಳು. ಸೆರಗಿನಿಂದ ಬೆಂಚು ಒರೆಸಿದಳು, ಆಮೇಲೆ ಕಣ್ಣು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ?

ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಹೆಗಲ ಮೇಲೆ ಕಂಬಳಿ ಹೊದ್ದ ಕುರಿಗಾರ, ಪಕ್ಕದಲ್ಲಿ ಹೆಂಡತಿ. (ಎಷ್ಟು ಹೊತ್ತಿನಿಂದ ನಿಂತಿದ್ದರೋ!) ಅವನು ನನಗೆ ಕೈಮುಗಿದ.

"ಸಾಹೇಬ್ರ, ನಾವೂ ಕೂಡಬಹುದೇನ್ರಿ?"

ಲೆಕ್ಚರ್ ಬಾಯಿಗೆ ಬರಲಿಲ್ಲ. ಹೂಂ ಅಂತ ತಲೆಯಾಡಿಸಿದೆ. ಅವರೂ ಒಳಗೆ ಹೋದರು.

ಅಂದಿನಿಂದ ನನಗೊಂದು ಮಾತು ತಿಳಿಯದಾಗಿದೆ. ಆ ಬಾಗಿಲನ್ನು ನಾನು ತೆರೆದೆನೋ, ಅದಕ್ಕೆ ಹೊಸ ಕಾವಲುಗಾರನಾಗಿ ನಿಂತೆನೋ?